ಬಿಸಿನೀರ ಬುಗ್ಗೆಗೆ ದಾರಿ

ಸೊಂಟದ ಆಪರೇಷನ್ ಆದ ಮೇಲೆ ವಿದೇಶದ ಪ್ಲೇನೋ ಊರಿನಲ್ಲಿದ್ದ ಮಗಳ ಮನೆಯಲ್ಲಿ ವೆಂಕಟಗಿರಿ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಬಿದ್ದುಬಿಡುವ ಭಯ. ಊರೂರು ಸುತ್ತಿದ ಭೂವಿಜ್ಞಾನಿಗೆ ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಒಂದು ಬೆಳಿಗ್ಗೆ ಮಗಳು ನಳಿನಿ ವಾಕರ್ ತಂದು ಮುಂದಿಟ್ಟಳು.

"ಅಪ್ಪ, ನೀವು ಓದ್ತಿದ್ದ ಆ ಜರ್ಮನ್ ಊರಲ್ಲಿ ಸ್ಟೇಷನ್ನಿಂದ ಬಿಸಿನೀರ ಬುಗ್ಗೆಗೆ ಹೇಗೆ ಹೋಗ್ತಿದ್ರಿ?"

"ಓದಿದ್ದಲ್ಲ ಕಣೇ, ಎರಡು ವರ್ಷ ಆ ನೀರನ್ನ ಪರೀಕ್ಷೆ ಮಾಡಿದ್ದು," ಎಂದು ತಿದ್ದುತ್ತಾ ಅವರು ಮೆಲ್ಲನೆ ಎದ್ದರು. ಹಜಾರ ಸ್ಟೇಷನ್ ರಸ್ತೆಯಾಯಿತು, ಅಡುಗೆಮನೆಯ ಹೊಸ್ತಿಲು ಹೊಳೆಯ ಸೇತುವೆಯಾಯಿತು. ಅದರಾಚೆ ರೋಮನ್ನರು ಕಟ್ಟಿಸಿದ ಸ್ನಾನದ ಕೊಳ, ಯುದ್ಧಕಾಲದಲ್ಲಿ ಗಾಯಾಳುಗಳಿಂದ ತುಂಬಿಹೋಗಿದ್ದ ಹೋಟೆಲುಗಳು. ಒಂದೊಂದರ ಮುಂದೆಯೂ ನಿಂತು ವಿವರಿಸಿದರು.

ವಾರ ಕಳೆಯುವಷ್ಟರಲ್ಲಿ ಆ ಊರಿಗೆ ಮನೆಯೊಳಗೆ ಜಾಗ ಸಾಲದಾಯಿತು. "ಬುಗ್ಗೆ ಇರೋದು ಗುಡ್ಡದ ಬುಡದಲ್ಲಿ," ಎನ್ನುತ್ತಾ ಅವರು ಮುಂಬಾಗಿಲು ತೆರೆದರು. ಎದುರಿಗೆ ಕಣ್ಣು ಹಾಯುವಷ್ಟು ದೂರವೂ ಚಪ್ಪಟೆ ನೆಲ, ಸಾಲುಮನೆಗಳು.

"ಇಲ್ಲಿ ಗುಡ್ಡ ಎಲ್ಲಿಂದ ತರೋಣ ಅಪ್ಪ?"

"ಒಳ್ಳೇದೇ ಆಯ್ತು ಬಿಡು, ಹತ್ತೋ ಕಷ್ಟ ತಪ್ಪಿತು."

ಅವರು ಬೀದಿಯ ತಿರುವಿನವರೆಗೂ ನಡೆದು ಬಂದರು. ಬೀಳುವ ಭಯವಾಗಲಿಲ್ಲ. ಮರುದಿನ ನಳಿನಿ ಕಾಫಿ ಬೆರೆಸುವ ಮೊದಲೇ ಅವರು ಶೂ ಹಾಕಿಕೊಂಡು ಸಿದ್ಧರಾಗಿದ್ದರು.