ಕದಲದ ಆಮೆ

ಬಟ್ಟೆ ಕಾರ್ಖಾನೆಯಲ್ಲಿ ಅವಳ ಕೆಲಸವೇ ತಪ್ಪು ಹುಡುಕುವುದು. ಹೊಲಿದು ಬಂದ ಅಂಗಿಗಳನ್ನು ಬಿಳಿ ದೀಪದ ಕೆಳಗೆ ಹರಡಿಕೊಂಡು ಕಾಲರಿನ ಮೊನೆ, ಕಂಕುಳ ಹೊಲಿಗೆ, ಗುಂಡಿಯ ಕಾಜ ಎಲ್ಲವನ್ನೂ ಬೆರಳಿನಿಂದ ಸವರಿ ನೋಡುತ್ತಿದ್ದಳು. ಎಲ್ಲಿ ದಾರ ತಪ್ಪಿದೆಯೋ ಅಲ್ಲಿ ಒಂದು ಕೆಂಪು ಸ್ಟಿಕ್ಕರು. ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಚೆಕ್ಕರಮ್ಮ ಎಂದೇ ಕರೆಯುತ್ತಿದ್ದರು. ತೊಂದರೆಯೆಂದರೆ, ಮನೆಗೆ ಬಂದ ಮೇಲೂ ಆ ಕಣ್ಣನ್ನು ಕಳಚಿಡಲು ಅವಳಿಗೆ ಆಗುತ್ತಿರಲಿಲ್ಲ. ಕೆಳಗಿನ ಮನೆಯವರು ಹೇಳದೆ ಕೇಳದೆ ಮನೆ ಖಾಲಿ ಮಾಡಿ ಓಡಿಹೋಗುತ್ತಿದ್ದಾರೆಂದು ಒಮ್ಮೆ ಮಾಲೀಕನಿಗೆ ಫೋನು ಮಾಡಿದ್ದಳು. ಪಾಪ, ಅವರು ಗೋಡೆಗೆ ಬಣ್ಣ ಹೊಡೆಸಲು ಸಾಮಾನನ್ನು ಹೊರಗಿಟ್ಟಿದ್ದರು, ಅಷ್ಟೆ. ಆ ಕತೆಯನ್ನು ಗಂಡ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ.

ಗಂಡ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವನು. ಯಾರು ಏನು ಹೇಳಿದರೂ ನಂಬುವ ಆಸಾಮಿ. ಅವನ ತಂಗಿ ಇವರ ಜೊತೆಯಲ್ಲೇ ಇದ್ದಳು. ಶಾಲೆಯಲ್ಲಿ ಆಟದ ಟೀಚರು, ಗಟ್ಟಿಮುಟ್ಟಾದ ಹುಡುಗಿ, ಮಾತು ಕಡಿಮೆ. ಸಮುದ್ರದಲ್ಲಿ ಆಮೆ ನೋಡಲು ಹೋಗೋಣವೆಂದು ಮೊದಲು ಬಾಯಿ ಬಿಟ್ಟವಳು ಈ ನಾದಿನಿಯೇ. ಚಿಕ್ಕ ಗುಂಪು, ಜೊತೆಗೆ ಗೈಡ್ ಇರುತ್ತಾನೆ, ಈಜು ಬಾರದವರಿಗೂ ಲೈಫ್ ಜಾಕೆಟ್ ಕೊಡುತ್ತಾರೆ ಎಂದಳು.

"ಇಷ್ಟು ವರ್ಷ ಇಲ್ಲದ್ದು ಈಗೇನು ಆಮೆ ಮೇಲೆ ಪ್ರೀತಿ?" ಎಂದು ಚೆಕ್ಕರಮ್ಮ ಕೇಳಿದಳು.

"ಸುಮ್ನೆ ಅತ್ತಿಗೆ. ನೀವೂ ಎಲ್ಲೂ ಹೋಗಿಲ್ವಲ್ಲ."

ಆ 'ಸುಮ್ನೆ' ಅವಳಿಗೆ ಸರಿಹೋಗಲಿಲ್ಲ. ಹೊರಡುವ ದಿನ ಬೆಳಿಗ್ಗೆ ನಾದಿನಿ ಟೀ ಶರ್ಟಿಗೂ ಇಸ್ತ್ರಿ ಹಾಕಿದ್ದು ಇನ್ನೂ ಸರಿಹೋಗಲಿಲ್ಲ. ನೀರಿನಲ್ಲಿ ನೆನೆಯುವ ಬಟ್ಟೆಗೆ ಯಾರಾದರೂ ಇಸ್ತ್ರಿ ಹಾಕುತ್ತಾರೆಯೇ?

ದೋಣಿ ಹೊರಡುವ ಕಡೆ ತಗಡಿನ ಮಾಡಿನ ಒಂದು ಕೋಣೆ. ಗೋಡೆಯ ಮೊಳೆಗಳಿಗೆ ಮಾಸ್ಕುಗಳು ಸಾಲಾಗಿ ನೇತುಬಿದ್ದಿದ್ದವು. ಒದ್ದೆ ರಬ್ಬರು ಮತ್ತು ಡೀಸೆಲ್ಲಿನ ವಾಸನೆ ಒಂದಕ್ಕೊಂದು ಬೆರೆತಿತ್ತು. ಈ ಮೂವರ ಜೊತೆ ಹೊಸದಾಗಿ ಮದುವೆಯಾದ ಒಂದು ಜೋಡಿಯೂ ಇತ್ತು, ಇಬ್ಬರಿಗೂ ಒಂದೇ ಬಣ್ಣದ ಟೋಪಿ. ಗೈಡ್ ಬಿಸಿಲಿಗೆ ಕಪ್ಪಿಟ್ಟ ಸಪೂರ ಮನುಷ್ಯ, ಮೂವತ್ತರ ಆಸುಪಾಸು. ಮಾಸ್ಕಿಗೆ ಉಗುಳು ಸವರಿ ತೊಳೆದರೆ ಮಂಜು ಕಟ್ಟುವುದಿಲ್ಲ, ಬಾಯಿಗೆ ಕಚ್ಚಿಕೊಂಡ ಕೊಳವೆಯಿಂದ ನಿಧಾನವಾಗಿ ಉಸಿರಾಡಬೇಕು ಎಂದು ಸಮಾಧಾನದಿಂದ ಹೇಳಿಕೊಟ್ಟ. ಆಮೇಲೆ ಕಾಲಿಗೆ ಹಾಕಿಕೊಳ್ಳುವ ರಬ್ಬರ್ ರೆಕ್ಕೆಗಳನ್ನು ಹಂಚಿದ. ಪ್ರತಿಯೊಬ್ಬರ ಪಾದದ ಅಳತೆ ಕೇಳಿ ಕೇಳಿ ಕೊಟ್ಟ. ನಾದಿನಿಯ ಸರದಿ ಬಂದಾಗ ಏನೂ ಕೇಳದೆ ಒಂದು ಜೊತೆ ತೆಗೆದು ಮುಂದೆ ಹಿಡಿದ. ಅವಳು ಹಾಕಿಕೊಂಡಳು. ಸರಿಯಾಗಿ ಕೂತಿತು.

ಚೆಕ್ಕರಮ್ಮನ ಕಿವಿ ನಿಮಿರಿತು. ಗಂಡನ ಪಕ್ಕೆ ತಿವಿದು, "ನೋಡಿದ್ರಾ?" ಎಂದಳು.

"ಏನನ್ನ?"

"ಅವಳ ಅಳತೆ ಕೇಳ್ಲೇ ಇಲ್ಲ."

"ಕಣ್ಣಳತೇಲೇ ಗೊತ್ತಾಗುತ್ತೆ ಬಿಡು, ದಿನಾ ಮಾಡೋ ಕೆಲ್ಸ," ಎಂದು ಗಂಡ ತನ್ನ ರೆಕ್ಕೆಯನ್ನು ಎಡ ಯಾವುದು, ಬಲ ಯಾವುದು ಎಂದು ತಿರುಗಿಸುತ್ತಾ ಕೂತ.

ದೋಣಿ ನಡೆಸುವವನು ವಯಸ್ಸಾದವನು. ನಾದಿನಿ ಹತ್ತುವಾಗ ಕೈಕೊಡಲು ಬಂದು, ಏನೋ ನೆನಪಾದವನಂತೆ ಕೈ ಹಿಂದಕ್ಕೆ ಎಳೆದುಕೊಂಡು ಇಂಜಿನ್ನಿನ ಕಡೆ ತಿರುಗಿದ. ಚೆಕ್ಕರಮ್ಮ ಅದನ್ನೂ ನೋಡಿದಳು.

ದೋಣಿ ದಡ ಬಿಟ್ಟ ಮೇಲೆ ಗೈಡ್ ಹೇಳಿದ: "ಆಮೆ ಹತ್ರ ಹೋಗಿ ಮುಟ್ಬೇಡಿ. ಮೇಲಿಂದ ನೋಡಿ ಸಾಕು. ಅಲ್ಲಿ ಒಂದು ದೊಡ್ಡ ಬಂಡೆ ಇದೆ, ಅದರ ಆ ಪಕ್ಕಕ್ಕೆ ಮಾತ್ರ ಯಾರೂ ಹೋಗ್ಬೇಡಿ. ಸೆಳೆತ ಜಾಸ್ತಿ."

"ಆಮೆ ಕಾಣುತ್ತೆ ಅಂತ ಏನು ಗ್ಯಾರಂಟಿ?" ಎಂದು ಟೋಪಿಯ ಗಂಡ ಕೇಳಿದ.

"ಇವತ್ತು ಕಂಡೇ ಕಾಣುತ್ತೆ ಸರ್."

"ಅದು ಸಮುದ್ರದ ಪ್ರಾಣಿ. ಇವತ್ತು ಅಲ್ಲೇ ಇರುತ್ತೆ ಅಂತ ನಿಮಗೆ ಹೇಗೆ ಗೊತ್ತು?" ಎಂದಳು ಚೆಕ್ಕರಮ್ಮ.

ಗೈಡ್ ಉತ್ತರ ಕೊಡುವ ಮೊದಲು ಒಂದು ಸಲ ನಾದಿನಿಯ ಕಡೆ ನೋಡಿದ. "ಇರುತ್ತೆ ಅಕ್ಕ," ಎಂದ. ದೋಣಿಯವನು ಸಮುದ್ರಕ್ಕೆ ಉಗಿದು ಆ ಕಡೆಗೇ ಮುಖ ಮಾಡಿಕೊಂಡ.

ಅಲ್ಲಿಂದ ಅವಳ ತಲೆಯಲ್ಲಿ ಹುಳ ಕೊರೆಯತೊಡಗಿತು. ಇವರಿಬ್ಬರಿಗೂ ಪರಿಚಯವಿದೆ. ಇದ್ದರೆ ಇಲ್ಲದವರ ಹಾಗೆ ನಟಿಸುವುದೇಕೆ? ಹುಡುಗಿಯನ್ನು ಮರುಳು ಮಾಡಿದ್ದಾನೆಯೇ? ಅಣ್ಣ ಅತ್ತಿಗೆಯನ್ನು ನಡುನೀರಿಗೆ ಕರೆತಂದು ಏನು ಆಟ ಹೂಡಿದ್ದಾರೆ? ಗಂಡನಿಗೆ ಹೇಳಿದರೆ ಬಣ್ಣ ಹೊಡೆಸಿದವರ ಕತೆ ತೆಗೆಯುತ್ತಾನೆ. ಬಾಯಿ ಮುಚ್ಚಿಕೊಂಡು ಕೂತಳು.

ಬಂಡೆ ಬಂತು. ನೀರಿಗಿಳಿದಾಗ ಮೊದಲಿಗೆ ಅವಳಿಗೆ ಕೇಳಿಸಿದ್ದು ತನ್ನ ಉಸಿರೊಂದೇ. ಕೊಳವೆಯಲ್ಲಿ ಅದು ಬೇರೆ ಯಾರದೋ ಉಸಿರಿನಂತೆ ಬುಸುಗುಟ್ಟುತ್ತಿತ್ತು. ಮುಖ ಮುಳುಗಿಸಿದಾಗ ಕೆಳಗೆ ಮರಳು, ಕಂದು ಕಲ್ಲುಗಳು, ಬೆದರಿ ತಿರುಗುವ ಸಣ್ಣ ಮೀನುಗಳ ಹಿಂಡು. ಗೈಡ್ ಕೈ ಚಾಚಿ ತೋರಿಸಿದ ಕಡೆ ಆಮೆ ಇತ್ತು. ಅಗಲ ಬೆನ್ನಿನ ಮೇಲೆ ಬಿಸಿಲಿನ ಬಲೆ ಆಡುತ್ತಿತ್ತು. ಅಷ್ಟು ದೊಡ್ಡದಿರುತ್ತದೆಂದು ಅವಳು ಎಣಿಸಿರಲಿಲ್ಲ. ಒಂದು ಗಳಿಗೆ ಅನುಮಾನ ಗಿನುಮಾನ ಎಲ್ಲ ಮರೆತೇಹೋಯಿತು.

ಆಮೆ ಮೇಲೆದ್ದು ತಲೆ ಹೊರಗೆ ಹಾಕಿ ಉಸಿರೆಳೆದುಕೊಂಡಿತು. ಮತ್ತೆ ಇಳಿಯಿತು. ಇಳಿದದ್ದು ಅದೇ ಜಾಗಕ್ಕೆ. ಆಚೆ ಹೋಗಲು ಹೊರಟಿತು. ಸ್ವಲ್ಪ ದೂರ ಹೋಗಿ, ಯಾರೋ ಹಿಂದಿನಿಂದ ಹಿಡಿದು ಜಗ್ಗಿದಂತೆ ಓರೆಯಾಗಿ ತಿರುಗಿ, ಮತ್ತೆ ಬಂಡೆಯ ಬುಡಕ್ಕೆ ಬಂತು. ಟೋಪಿಯ ಜೋಡಿ ಕೈಕೈ ಹಿಡಿದು ನೋಡುತ್ತಿದ್ದರು. ಚೆಕ್ಕರಮ್ಮನ ಗಂಡ ಮುಖವೆತ್ತಿ "ಎಷ್ಟು ಸಾಧು ನೋಡು, ನಮ್ಮನ್ನ ಬಿಟ್ಟು ಹೋಗ್ತಾನೇ ಇಲ್ಲ," ಎಂದ.

ಅವಳ ಕಣ್ಣು ಅದರ ಎಡ ಮುಂಗಾಲಿನ ಮೇಲೆ ನಿಂತಿತ್ತು. ಬಲಗಾಲು ರೆಕ್ಕೆಯಂತೆ ಬೀಸುತ್ತಿತ್ತು. ಎಡಗಾಲು ಅರ್ಧಕ್ಕೇ ನಿಲ್ಲುತ್ತಿತ್ತು. ಗೂಟಕ್ಕೆ ಕಟ್ಟಿದ ಹಸು ಹಗ್ಗ ಮುಗಿದಲ್ಲಿ ನಿಲ್ಲುವಂತೆ.

ಗೈಡ್ ಟೋಪಿಯ ಹೆಂಡತಿಯ ಮಾಸ್ಕ್ ಸರಿಮಾಡಲು ಆ ಕಡೆ ತಿರುಗಿದ್ದ. ಚೆಕ್ಕರಮ್ಮ ಲೈಫ್ ಜಾಕೆಟಿನಲ್ಲಿ ತೇಲುತ್ತಾ, ಬಂಡೆಯನ್ನು ಕೈಯಿಂದ ಸವರಿಕೊಂಡು, ಹೋಗಬಾರದೆಂದ ಪಕ್ಕಕ್ಕೆ ಹೋದಳು. ಆದರೆ ಅಲ್ಲಿ ಸೆಳೆತವೇ ಇರಲಿಲ್ಲ. ಬಾವಿಯ ನೀರಿನಂತೆ ಅಲುಗದೆ ನಿಂತಿತ್ತು. ಕೆಳಗೆ, ಬಂಡೆಯ ಬಿರುಕಿನಲ್ಲಿ ಬಣ್ಣಗೆಟ್ಟ ಹಸಿರು ಬಲೆಯ ಒಂದು ತುಂಡು ಸಿಕ್ಕಿಕೊಂಡಿತ್ತು. ಅದರಿಂದ ಹೊರಟ ಹುರಿ ಆಮೆಯ ಮುಂಗಾಲಿನ ಬುಡಕ್ಕೆ ಸುತ್ತಿ ಸುತ್ತಿ ಬಿಗಿದಿತ್ತು. ಬಿಗಿದಲ್ಲಿ ಚರ್ಮ ಸುಲಿದು ಬೆಳ್ಳಗಾಗಿತ್ತು.

ಅವಳು ಮುಖವೆತ್ತಿ ಕೊಳವೆ ಉಗುಳಿ ಗಂಡನನ್ನು ಕರೆದಳು. "ಅದನ್ನ ಕಟ್ಟಿ ಹಾಕಿದ್ದಾರೆ ರೀ."

"ಶುರುವಾಯ್ತಾ ನಿಂದು? ರಜಾ ದಿನಾನಾದ್ರೂ ಸುಮ್ನಿರಬಾರ್ದಾ? ಯಾವ್ದೋ ಪಾಚಿ ಇರುತ್ತೆ," ಎಂದ ಅವನು.

"ನಿನ್ನಣ್ಣ ನಂಬಲ್ಲ. ನೀನು ಮುಳುಗಿ ನೋಡ್ಕೊಂಡು ಬಾ," ಎಂದು ನಾದಿನಿಗೆ ಹೇಳಿದಳು.

ಜಾಕೆಟ್ ಇಲ್ಲದೆ ಈಜುತ್ತಿದ್ದ ನಾದಿನಿ ಉಸಿರು ಹಿಡಿದು ಕೆಳಗಿಳಿದಳು. ಮೇಲೆ ಬಂದಾಗ ಅವಳ ಮುಖ ಬೇರೆಯಾಗಿತ್ತು. ಮಾಸ್ಕನ್ನು ಹಣೆಗೆ ಏರಿಸಿಕೊಂಡು ಸೀದಾ ಗೈಡಿನ ಹತ್ತಿರ ಈಜಿದಳು.

"ನಿಂಗೆ ಗೊತ್ತಿತ್ತಾ?"

ದನಿ ಎತ್ತರಿಸಲಿಲ್ಲ. ಆದರೂ ಆ 'ನಿಂಗೆ' ನೀರಿನ ಮೇಲೆ ಎಲ್ಲರಿಗೂ ಕೇಳಿಸಿತು. ಮುಕ್ಕಾಲು ಗಂಟೆಯ ಹಿಂದೆ ಪರಿಚಯವಾದವನನ್ನು ಯಾವ ಹುಡುಗಿಯೂ ಹಾಗೆ ಕೇಳುವುದಿಲ್ಲ. ಗಂಡನೂ ಕಾಲು ಬಡಿಯುವುದನ್ನು ನಿಲ್ಲಿಸಿ ತಂಗಿಯ ಕಡೆ ನೋಡಿದ.

ಗೈಡ್ ಬಂಡೆಯ ಕಡೆ ಮುಖ ತಿರುಗಿಸಿದ.

"ಚಾಕು ಕೊಡು."

ಅವನು ಕಣಕಾಲಿಗೆ ಕಟ್ಟಿಕೊಂಡಿದ್ದ ಚಾಕುವನ್ನು ಬಿಚ್ಚಿದ. ಕೊಡದೆ ತಾನೇ ಮುಳುಗಿದ. ನಾದಿನಿಯೂ ಬೆನ್ನಿಗೇ ಮುಳುಗಿದಳು. ಅವಳು ಆಮೆಯ ಬೆನ್ನನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಳು, ಅವನು ಹುರಿ ಕೊಯ್ದ. ಒಂದೇ ಉಸಿರಿಗೆ ಆಗುವ ಕೆಲಸವಾಗಿರಲಿಲ್ಲ. ಮೇಲೆ ಬಂದು ಏದುಸಿರು ಬಿಟ್ಟು ಮತ್ತೆ ಮುಳುಗುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೊನೆಗೆ ಆಮೆ ಬಿಡಿಸಿಕೊಂಡಿತು. ತಕ್ಷಣ ಓಡಲಿಲ್ಲ. ಕಟ್ಟು ಬಿಟ್ಟದ್ದು ಅದಕ್ಕೆ ನಂಬಿಕೆಯಾಗಲಿಲ್ಲವೋ ಏನೋ, ಹಳೆಯ ಅಳತೆಯಷ್ಟೇ ದೂರ ಹೋಗಿ ನಿಂತಿತು. ಆಮೇಲೆ ವಾಲಿಕೊಂಡು ವಾಲಿಕೊಂಡು ಆಳದ ನೀಲಿಗೆ ಇಳಿದುಹೋಯಿತು.

ಟೋಪಿಯ ಹೆಂಡತಿ ಚಪ್ಪಾಳೆ ತಟ್ಟಿದಳು. ಆಮೆ ಬಿಡಿಸಿ ತೋರಿಸುವುದೂ ಟ್ರಿಪ್ಪಿನಲ್ಲೇ ಸೇರಿದೆ ಎಂದು ಅವಳು ತಿಳಿದಿದ್ದಳು. ಅವಳ ಗಂಡ ಕಣ್ಸನ್ನೆ ಮಾಡಿದ ಮೇಲೆ ಕೈ ಕೆಳಗಿಳಿಸಿದಳು.

ಎಲ್ಲರೂ ದೋಣಿ ಹತ್ತಿದರು. ಗಂಡ ತಂಗಿಯ ಕಡೆ ತಿರುಗಿದ. "ಇವರು ನಿಂಗೆ ಪರಿಚಯಾನಾ?"

"ಹೂಂ ಅಣ್ಣ. ಹೋದ ವರ್ಷ ಸ್ಕೂಲ್ ಮಕ್ಕಳನ್ನ ಕರ್ಕೊಂಡು ಬಂದಿದ್ದೆ, ಆವಾಗಿಂದ. ಮದುವೆ ಆಗೋಣ ಅಂತಿದ್ವಿ. ಮೊದ್ಲೇ ಹೇಳಿದ್ರೆ ಅತ್ತಿಗೆ ತೂಕ ಹಾಕಿ ನೋಡ್ತಾರೆ, ಕೆಲ್ಸದಲ್ಲಿ ಹೇಗಿರ್ತಾನೆ ಅಂತ ನೀವು ಹಾಗೇ ನೋಡ್ಲಿ ಅಂದ್ಕೊಂಡೆ."

'ಅಂತಿದ್ವಿ' ಎಂದದ್ದು ಚೆಕ್ಕರಮ್ಮನ ಕಿವಿಗೆ ಬಿತ್ತು. ಗೈಡಿಗೂ ಬಿದ್ದಿರಬೇಕು.

"ಕಟ್ಟಿದ್ದು ನಾನಲ್ಲ ಅಕ್ಕ," ಎಂದ ಅವನು. "ಅದಾಗೇ ಸಿಕ್ಕಿಕೊಂಡಿತ್ತು. ಮೊನ್ನೆ ನೋಡ್ದೆ. ಅದಕ್ಕೂ ಮುಂಚೆ ಎಷ್ಟೋ ದಿನ ಒಂದು ಆಮೇನೂ ಕಾಣಿಸಿರ್ಲಿಲ್ಲ. ನೀವು ಬರೋ ದಿನವೇ ಖಾಲಿ ನೀರು ತೋರಿಸ್ಬೇಕಾಗುತ್ತೆ ಅಂತ ಭಯ ಆಯ್ತು. ಮೇಲೆ ಬಂದು ಉಸಿರಾಡ್ತಿದೆಯಲ್ಲ, ಎರಡು ದಿನಕ್ಕೆ ಏನಾಗಲ್ಲ ಅಂತ ಬಿಟ್ಟೆ."

"ಅವತ್ತೇ ಬಿಡ್ಸು ಅಂದೆ ನಾನು," ಎಂದು ದೋಣಿಯವನು ಯಾರಿಗೂ ಹೇಳದವನಂತೆ ಹೇಳಿದ.

ಮನೆಗೆ ಬಂದ ಮೇಲೆ ಚೆಕ್ಕರಮ್ಮನಿಗೆ ವಿಚಿತ್ರವೆನಿಸಿತು. ಜನ್ಮದಲ್ಲಿ ಒಂದು ಸಲ ಅವಳ ಅನುಮಾನ ನಿಜವಾಗಿತ್ತು. ಗಂಡ ಕಾಲೆಳೆಯಲಿಲ್ಲ. ಆದರೂ ಗೆದ್ದೆನೆಂಬ ಖುಷಿ ಹತ್ತಿರವೂ ಸುಳಿಯಲಿಲ್ಲ. ನಾದಿನಿ ಶಾಲೆಗೆ ಹೋಗಿ ಬರುತ್ತಿದ್ದಳು, ಉಣ್ಣುತ್ತಿದ್ದಳು, ಫೋನು ಬಡಿದುಕೊಂಡರೆ ಮಗುಚಿ ಇಡುತ್ತಿದ್ದಳು. ಒಂದು ಸಂಜೆ ಒಗೆದ ಬಟ್ಟೆ ಮಡಚುತ್ತಾ ತಾನಾಗಿಯೇ ಹೇಳಿದಳು: "ನಿಮ್ಮ ಕಣ್ಣಿಗೆ ಅದು ಬೀಳ್ದೇ ಇದ್ದಿದ್ರೆ ಚೆನ್ನಾಗಿತ್ತು ಅಂತ ನೀರಲ್ಲಿ ಒಂದು ಕ್ಷಣ ಅನ್ನಿಸ್ತು ಅತ್ತಿಗೆ. ಆಮೇಲೆ ನನಗೇ ನಾಚಿಕೆ ಆಯ್ತು."

ಚೆಕ್ಕರಮ್ಮ ಹೊದಿಕೆಯ ಇನ್ನೊಂದು ತುದಿ ಹಿಡಿದುಕೊಂಡಳು.

ಕೆಲವು ವಾರ ಕಳೆದು ಒಂದು ಭಾನುವಾರ ಗೈಡ್ ಮನೆಗೇ ಬಂದ. ಬಾಗಿಲು ತೆಗೆದವಳು ಚೆಕ್ಕರಮ್ಮನೇ. ಒಣಗಿದ ಬಟ್ಟೆಯಲ್ಲಿ, ಬಾಚಿದ ತಲೆಯಲ್ಲಿ ಅವನು ಇನ್ನೂ ಚಿಕ್ಕವನಾಗಿ ಕಂಡ. ನಾದಿನಿ ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು. ಗಂಡ ಕುರ್ಚಿ ತೋರಿಸಿ, ಹವಾಮಾನದ ಮಾತು ತೆಗೆದು, ಅದು ಮುಗಿದ ಮೇಲೆ ಏನು ಮಾಡುವುದೆಂದು ತಿಳಿಯದೆ ಹೆಂಡತಿಯ ಮುಖ ನೋಡಿದ.

"ಒಂದು ಮಾತು ಕೇಳ್ತೀನಿ," ಎಂದಳು ಚೆಕ್ಕರಮ್ಮ. "ಅವತ್ತು ನಾನು ಬಂಡೆ ಆ ಕಡೆ ಹೋಗ್ದೇ ಇದ್ದಿದ್ರೆ ಅದನ್ನ ಯಾವಾಗ ಬಿಡಿಸ್ತಿದ್ದೆ?"

ಬರುವ ಉತ್ತರ ಅವಳಿಗೆ ಮೊದಲೇ ಗೊತ್ತಿತ್ತು. ಅದೇ ಸಂಜೆ ಬಿಡಿಸುತ್ತಿದ್ದೆ ಎನ್ನುತ್ತಾನೆ. ಹೊಲಿಗೆ ತಪ್ಪಿಸಿದವರೆಲ್ಲ ಹಾಗೆಯೇ. ಈಗಷ್ಟೇ ಬಿಚ್ಚಿ ಹೊಲಿಯುವವಳಿದ್ದೆ ಎನ್ನುತ್ತಾರೆ. ಆ ಮಾತು ಬಂದೊಡನೆ ಎದ್ದು ಬಾಗಿಲು ತೋರಿಸುವುದೆಂದು ನಿಶ್ಚಯಿಸಿಕೊಂಡಿದ್ದಳು.

ಅವನು ತನ್ನ ಅಂಗೈ ನೋಡಿಕೊಂಡ. "ಸಂಜೆ ಬಿಡಿಸೋಣ ಅಂತಾನೇ ಇದ್ದೆ," ಎಂದ. "ಆದ್ರೆ ಮಾರನೇ ದಿನಕ್ಕೂ ಜನ ಬರೋರಿದ್ರು. ಅವರಿಗೂ ತೋರಿಸಿಬಿಡೋಣ ಅನ್ನಿಸ್ತಿತ್ತೇನೋ. ಬಿಡಿಸ್ತಿದ್ದೆ ಅಂತ ಆಣೆ ಮಾಡಿ ಹೇಳಕ್ಕಾಗಲ್ಲ ಅಕ್ಕ. ನಂಗೇ ಗೊತ್ತಿಲ್ಲ. ಅದೇ ನನ್ನ ತಿಂತಾ ಇದೆ."

ಚೆಕ್ಕರಮ್ಮನಿಗೆ ಸ್ಟಿಕ್ಕರು ಅಂಟಿಸಲು ಜಾಗ ಸಿಗಲಿಲ್ಲ. ತಪ್ಪು ಇತ್ತು, ಚಿಕ್ಕದೂ ಅಲ್ಲ. ಆದರೆ ಅದನ್ನು ಮಡಚಿ ಒಳಗೆ ಬಚ್ಚಿಟ್ಟಿರಲಿಲ್ಲ.

ಕೋಣೆಯ ಬಾಗಿಲು ತೆರೆಯಿತು. ನಾದಿನಿ ಹೊರಗೆ ಬಂದು ಅವನ ಪಕ್ಕದಲ್ಲಿ ಕೂರದೆ ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ಕಣ್ಣು ಕೆಂಪಗಿದ್ದವು.

"ಮೊದ್ಲಿಂದ ಹೇಳು," ಎಂದಳು. "ಇನ್ನೂ ಏನೇನು ಮುಚ್ಚಿಟ್ಟಿದ್ದೀಯ, ಎಲ್ಲಾ ಹೇಳು. ಆಮೇಲೆ ನೋಡೋಣ."

ಗಂಡ ಕುತೂಹಲದಿಂದ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ಚೆಕ್ಕರಮ್ಮ ಅವನ ತೋಳು ಹಿಡಿದು ಎಬ್ಬಿಸಿ ಅಡುಗೆಮನೆಗೆ ಕರೆದುಕೊಂಡು ಹೋದಳು.

"ಅಲ್ಲೇ ಇದ್ದಿದ್ರೆ ಕೇಳಿಸ್ತಿತ್ತಲ್ವಾ? ನಿಂಗೆ ಅನುಮಾನ ಇಲ್ವಾ?" ಎಂದ ಅವನು.

"ಇದೆ," ಎಂದು ಅವಳು ಬಾಗಿಲು ಮುಂದೆ ಮಾಡಿ, ಚಹಾಕ್ಕೆ ನೀರಿಟ್ಟಳು. "ಆದ್ರೆ ಈ ಸಲ ಅವಳೇ ನೋಡ್ಕೊಳ್ಲಿ."

ನೀರು ಕುದಿದು ಅರ್ಧಕ್ಕೆ ಇಳಿದರೂ ಹೊರಗಿನ ಮಾತು ಮುಗಿಯಲಿಲ್ಲ. ಅವಳು ಇನ್ನಷ್ಟು ನೀರು ಸುರಿದಳು.