ತುಟಿ ಮಾತು

ಬಂದ್ ಆದ ಹತ್ತಿ ಗಿರಣಿಯ ಗೋದಾಮಿನಲ್ಲಿ, ಜಾಗ ಕೊಂಡ ಕಂಪನಿ ಕರೆದ ಸಭೆ ಸೇರಿತ್ತು. ಗೋಡೆಯ ಮೇಲಿನ ನಕಾಶೆಯಲ್ಲಿ ಗೋಕಾಕದ ಈ ಮೂಲೆ ಎಂದೂ ಇಲ್ಲದಷ್ಟು ಹಸಿರಾಗಿತ್ತು. ನೂಲಿನ ಶೆಡ್ಡು ಇದ್ದಲ್ಲಿ ಕರದಂಟಿನ ಅಂಗಡಿಸಾಲು, ಚಿಮಣಿಯ ಸುತ್ತ ಕಾರಂಜಿ, ಕಾರ್ಮಿಕರ ಮನೆಗಳ ಚಾಳ ಇದ್ದಲ್ಲಿ ಕಾರು ನಿಲ್ಲಿಸುವ ಜಾಗ. ಚಾಳದವರು ಘೋಡಗೇರಿ ರಸ್ತೆಯ ಹೊಸ ಮನೆಗಳಿಗೆ ಹೋಗತಕ್ಕದ್ದು. ನಕಾಶೆಯೊಳಗೆ ಗಂಡ ಹೆಂಡತಿ ಮಗು ಬಲೂನು ಹಿಡಿದು ನಡೆಯುತ್ತಿದ್ದರು. ಅವರು ಯಾವ ಊರಿನವರೋ, ಯಾರಿಗೂ ಗುರುತು ಹತ್ತಲಿಲ್ಲ.

ನಕಾಶೆ ಬರೆದವಳು ವಿದ್ಯಾ. ಅವಳು ಹುಟ್ಟಿದ್ದು ಆ ಕಾರು ನಿಲ್ಲಿಸುವ ಜಾಗದಲ್ಲೇ. ತಾಯಿ ತೀರಿಕೊಂಡ ಮೇಲೆ ಸೋದರತ್ತೆ ಕಾಶೆವ್ವ ಗಿರಣಿಯಲ್ಲಿ ದುಡಿದು ಅವಳನ್ನು ಸಾಕಿ ಓದಿಸಿದ್ದಳು. ಕೆಲಸಕ್ಕೆ ಸೇರುವಾಗ ಕಂಪನಿಯ ಸಾಹೇಬರು ಊರು ಯಾವುದೆಂದು ಕೇಳಿದರೆ ವಿದ್ಯಾ 'ಬೆಳಗಾವಿ' ಅಂದಿದ್ದಳು. ಆಮೇಲೆ ಅದನ್ನು ತಿದ್ದಲು ಪುರುಸೊತ್ತು ಸಿಗಲಿಲ್ಲ. ಇಂಥ ಕೆಲಸಕ್ಕೆ ಯಾರಿಗೂ ಸಿಗುವುದಿಲ್ಲ.

ಸಭೆಗೆ ಬಂದ ಕಾಶೆವ್ವ, ವಿದ್ಯಾಳ ತಲೆಯ ಹೇನು ಹೆಕ್ಕಿದ ಅದೇ ಕೈ ಜೋಡಿಸಿ, "ನಮಸ್ಕಾರ್ರಿ ಮೇಡಮ್ಮಾರ" ಅಂದಿದ್ದಳು. ಆ 'ರಿ' ವಿದ್ಯಾಳಿಗೆ ಅಂಗಾಲಿನ ಮುಳ್ಳಿನಂತೆ ನೆಟ್ಟಿತ್ತು. ಆದರೂ ಅವಳು ಅಪರಿಚಿತಳಂತೆ ತಲೆಯಾಡಿಸಿ ಮುಂದೆ ಹೋಗಿದ್ದಳು.

"ಯಾರದರೆ ತಕರಾರ ಐತೇನ್ರಿ?" ಅಂದರು ಸಾಹೇಬರು, ಅಣ್ಣಾಸಾಹೇಬ. "ಇದ್ರ ಈಗ ಹೇಳ್ರಿ."

ಯಾರೂ ಪಿಟ್ಟೆನ್ನಲಿಲ್ಲ.

"ನೋಡ್ರಿ ವಿದ್ಯಾ, ಎಂಥಾ ಶಾಣ್ಯಾ ಮಂದಿ!"

ಸಾಹೇಬರ ಕಿವಿಗೆ ಅದು ಮೌನ. ಆದರೆ ಗಿರಣಿಯ ಹೆಂಗಸರು ಯಂತ್ರಗಳ ಗದ್ದಲದಲ್ಲಿ ಆಯುಷ್ಯ ಕಳೆದವರು. ದನಿಯಿಲ್ಲದೆ ಬರೀ ತುಟಿ ಆಡಿಸಿ, ಶೆಡ್ಡಿನ ಈ ತುದಿಯಿಂದ ಆ ತುದಿಗೆ ಸೊಸೆಯ ಚಾಡಿ ಮುಟ್ಟಿಸುತ್ತಿದ್ದರು. ಚಾಳದ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಬರುತ್ತಿದ್ದ ಓದು ಅದು.

ಗೋದಾಮಿನ ಆಚೆ ತುದಿಯ ಗೋಡೆಗೆ ಒರಗಿದ್ದ, ಚಾಳದ ಯಲ್ಲಕ್ಕನ ತುಟಿ ಆಡಿತು: "ಇಕಿ ನಿನ್ನ ತಮ್ಮನ ಮಗಳ ಅಲ್ಲೇನ?"

ಕಾಶೆವ್ವನ ತುಟಿ: "ಹೌದ. ಸುಮ್ಮನಿರ. ಸಾಹೇಬಗ ಗೊತ್ತಿಲ್ಲ. ಯಾರೂ ತಕರಾರ ತಗಿಬ್ಯಾಡ್ರಿ, ಪಾಪ, ಕೂಸಿನ ನೌಕರಿಗೆ ಕುತ್ತ ಬಂದೀತು."

"ನಮ್ಮ ಮನಿ ಹೋದ್ರ ನಡೀತೈತಿ?"

"ನನ್ನ ಮನೀನೂ ಹೋಗತೈತಲ್ಲವಾ."

ವಿದ್ಯಾ ಅಷ್ಟನ್ನೂ ಓದಿದಳು. ಓದಲು ಬಾರದಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸಿತು. ಸಾಹೇಬರು ನಕಾಶೆಯತ್ತ ತಿರುಗಿದ್ದನ್ನು ನೋಡಿ, ಅವಳೂ ದನಿಯಿಲ್ಲದೆ ತುಟಿ ಆಡಿಸಿದಳು: "ಅತ್ತಿ, ಒಲ್ಲೆ ಅಂತ ಹೇಳ."

ಅಷ್ಟಕ್ಕೇ ಅವಳ ಧೈರ್ಯ ಮುಗಿದಿತ್ತು.

ಯಲ್ಲಕ್ಕ ಗೋದಾಮು ನಡುಗುವಂತೆ ನಕ್ಕಳು. "ಗಿರಣಿ ಬಂದ್ ಆಗೇತ್ರಿ ಮೇಡಮ್ಮಾರ, ಈಗೇನ್ ಸಪ್ಪಳ ಐತಿ? ಬಾಯಿ ಬಿಟ್ಟ ಹೇಳ್ರಿ!"

ಸಾಹೇಬರು ತಿರುಗಿದರು. "ಏನ್ ಹೇಳಬೇಕಂತ?"

ವಿದ್ಯಾ ಮೈಕು ಎತ್ತಿಕೊಂಡಳು. "ಅತ್ತಿ" ಅಂದಳು. ಆ ಮಾತು ಗೋದಾಮಿಗೆಲ್ಲ ಕೇಳಿಸಿತು.

ಕಾಶೆವ್ವ ಗಡಬಡಿಸಿ ಎದ್ದಳು. "ಇಲ್ಲಿ ನಾವೆಲ್ಲಾ ಅತ್ತಿಗೋಳ ಅದೇವ್ರಿ ಸಾಹೇಬ್ರ. ಮೇಡಮ್ಮಾರು ಮರ್ಯಾದಿಲೆ ಕರದಾರ."

ಇಷ್ಟಾದ ಮೇಲೂ ಅತ್ತೆ ತಪ್ಪಿಸಿಕೊಳ್ಳಲು ಒಂದು ದಾರಿ ಬಿಟ್ಟುಕೊಟ್ಟಿದ್ದಳು. ಆ ದಾರಿಯಲ್ಲಿ ಹೆಜ್ಜೆ ಇಡುವ ಆಸೆ ವಿದ್ಯಾಳಿಗೆ ಒಂದು ಗಳಿಗೆ ಆಗಿದ್ದು ಸುಳ್ಳಲ್ಲ.

"ಅಲ್ರಿ ಸರ್" ಅಂದಳು. "ಇಕಿ ನಮ್ಮತ್ತಿ. ನಾ ಇದ ಚಾಳದಾಕಿ. ಮೊದಲನೇ ತಕರಾರ ನಂದ ಬರಕೋರಿ."

ಅಣ್ಣಾಸಾಹೇಬ ನಕಾಶೆ ನೋಡಿದರು, ಅವಳನ್ನು ನೋಡಿದರು. ಯಲ್ಲಕ್ಕ ಜೋರಾಗಿ ಏನೋ ಅಂದಳು, ಹಿಂದೆಯೇ ಹತ್ತಾರು ದನಿಗಳು ಎದ್ದವು.

ವಿದ್ಯಾಳ ಕಣ್ಣು ಮಾತ್ರ ಕಾಶೆವ್ವನ ತುಟಿಯ ಮೇಲಿತ್ತು. ಕಾಶೆವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಅದರ ಹಿಂದೆ ಏನಂದಳೋ, ವಿದ್ಯಾಳಿಗೆ ಓದಲು ಸಿಗಲಿಲ್ಲ.