ಮುಚ್ಚಳದ ಕೆಳಗಿನ ಪಿನ್ನುಗಳು

ಹಿಂಡದ ಬಟ್ಟೆಯಿಂದ ಬಸ್ಸಿನ ಮೈ ಉಜ್ಜುತ್ತಿದ್ದವಳು ಹಿಂದಿನ ಚಕ್ರದ ಪಕ್ಕದಲ್ಲಿದ್ದ ಸಣ್ಣ ಮುಚ್ಚಳವನ್ನೂ ಎತ್ತಿ, ಒಳಗಿನ ಧೂಳಿಗೆ ಕೈ ಹಾಕಿದಳು. ಮರುಕ್ಷಣ ಬಟ್ಟೆ ಒಂದು ಕಡೆ, ಅವಳು ಒಂದು ಕಡೆ. ಮೊಣಕೈಗೆ ಯಾರೋ ಸುತ್ತಿಗೆಯಿಂದ ಬಾರಿಸಿದ ಹಾಗಾಗಿತ್ತು. ಒದ್ದೆ ನೆಲದ ಮೇಲೆ ಕುಸಿದು ಕೂತವಳು ಮೊದಲು ಮಾಡಿದ್ದು ತನ್ನ ಕೈ ನೋಡಿಕೊಂಡದ್ದಲ್ಲ, ಬಸ್ಸಿನ ಕಿಟಕಿ ನೋಡಿದ್ದು. ಗಂಡ ನೋಡಲಿಲ್ಲ ತಾನೇ?

ನೋಡಿರಲಿಲ್ಲ. ಅವನು ಒಳಗೆ ಹೊಸ ಮಂಚದ ಮೇಲೆ ಕಾಲು ಚಾಚಿ, ಹೊಸ ಫ್ಯಾನಿನ ಕೆಳಗೆ, ರಾಗವಿಲ್ಲದ ಏನನ್ನೋ ಗುನುಗುತ್ತ ಬಿದ್ದುಕೊಂಡಿದ್ದ. ಫ್ಯಾನು ತಿರುಗುತ್ತಿದ್ದದ್ದು ಚಾವಣಿಗೆ ಬಿದ್ದ ಬಿಸಿಲಿನ ಪುಣ್ಯದಿಂದ. ಬಸ್ಸಿನಿಂದ ಒಂದು ವೈರೂ ಮನೆಯ ಗೋಡೆಗೆ ಹೋಗಿರಲಿಲ್ಲ. ಹಾಗಿದ್ದಮೇಲೆ ಈ ಮುಚ್ಚಳದ ಕೆಳಗೆ ಕರೆಂಟು ಬಂದದ್ದಾದರೂ ಎಲ್ಲಿಂದ? ಅವಳು ಎದ್ದು, ಬೆರಳು ತಗಲದ ಹಾಗೆ ಮುಚ್ಚಳ ಮುಚ್ಚಿದಳು. ಎಡಗೈಯ ಎರಡು ಬೆರಳ ತುದಿಯಲ್ಲಿ ಚರ್ಮ ಬೆಳ್ಳಗೆ ಸುಟ್ಟಿತ್ತು.

ಗಂಡ ಜೀವಮಾನವೆಲ್ಲ ಬಸ್ಸು ಓಡಿಸಿದವನು. ನಿವೃತ್ತನಾದ ಮೇಲೆ ಮನೆಯಲ್ಲಿ ಕೂತು ಹೆಂಡತಿಯ ಅಡುಗೆಗೆ ಮೂಗು ತೂರಿಸುವುದರಲ್ಲಿ ಕಾಲ ಕಳೆಯುತ್ತಿದ್ದವನಿಗೆ ಒಂದು ದಿನ ಗುಜರಿಗೆ ಹೊರಟಿದ್ದ ಈ ಸಣ್ಣ ಬಸ್ಸು ಕಣ್ಣಿಗೆ ಬಿತ್ತು. "ಇಷ್ಟು ವರ್ಷ ಕಂಡವರನ್ನೆಲ್ಲ ಅವರವರ ಊರಿಗೆ ಮುಟ್ಟಿಸ್ದೆ. ಇನ್ನು ನಮ್ಮನ್ನ ನಾವೇ ಎಲ್ಲಾದ್ರೂ ಮುಟ್ಟಿಸ್ಕೊಳ್ಳೋಣ" ಎಂದು ಸೀಟುಗಳನ್ನೆಲ್ಲ ಕಿತ್ತ. ಮಂಚ ಬಂತು, ಒಲೆ ಬಂತು, ಪಾತ್ರೆ ತೊಳೆಯಲು ತೊಟ್ಟಿ ಬಂತು. ಚಾವಣಿಗೆ ಸೋಲಾರ್ ಹಲಗೆಗಳು, ಮಂಚದಡಿಗೆ ಬ್ಯಾಟರಿ. ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟು ಮಾಡಿಕೊಡುವ ಇನ್ವರ್ಟರನ್ನು ಕೂರಿಸುವುದೊಂದು ಬಾಕಿ ಉಳಿದಾಗ ಅವಳು ವೈರಿಂಗ್ ಕೆಲಸದ ತನ್ನ ಅಣ್ಣನ ಹೆಸರೆತ್ತಿದಳು.

"ಭಾವ ಒಳ್ಳೇವ್ರೇ, ನಾನೇನ್ ಇಲ್ಲ ಅಂದ್ನಾ? ಆದ್ರೆ ಆ ಕೈ..." ಗಂಡ ರಾಗ ಎಳೆದ.

"ಆ ಕೈಗೇನಾಗಿದೆ?" ಅವಳು ಎಗರಿಬಿದ್ದಳು.

ಏನಾಗಿದೆಯೆಂದು ಊರಿಗೆಲ್ಲ ಗೊತ್ತಿತ್ತು. ಅಣ್ಣ ವೈರಿಂಗ್ ಮಾಡಿದ ಮನೆಯೊಂದರಲ್ಲಿ, ಬಚ್ಚಲಿನ ನೀರು ಕಾಯಿಸುವ ಯಂತ್ರ ಮುಟ್ಟಿ ಒಬ್ಬ ಬಾಣಂತಿ ಸತ್ತುಹೋಗಿದ್ದಳು. ತಪ್ಪು ಯಂತ್ರದ್ದೆಂದು ತನಿಖೆ ಹೇಳಿತು. ಊರ ಬಾಯಿ ಹಾಗೆ ಹೇಳಲಿಲ್ಲ. ಅಣ್ಣ ಅಂದಿನಿಂದ ಸ್ಕ್ರೂ ಡ್ರೈವರ್ ಹಿಡಿದಿರಲಿಲ್ಲ, ಮನೆಯ ಬಲ್ಬು ಹೋದರೂ ಅತ್ತಿಗೆಯೇ ಸ್ಟೂಲು ಹತ್ತಬೇಕಿತ್ತು. ಇವಳು ಮಾತ್ರ ಅಂಗಡಿಯಲ್ಲಿ, ಮದುವೆಮನೆಯಲ್ಲಿ, ಎಲ್ಲಿ ಯಾರು ಪಿಸುಗುಟ್ಟಿದರೂ ಅವರ ನೀರಿಳಿಸದೆ ಬಿಟ್ಟವಳಲ್ಲ. ಕೊನೆಗೆ ಗಂಡ ಸೋತ. "ಆಯ್ತು ಮಾರಾಯ್ತಿ. ಆದ್ರೆ ಒಂದು ಕಿಡಿ ಹಾರಿದ್ರೂ ಎಲ್ಲಾ ಬಿಚ್ಚಿಸಿ ಬೇರೆಯವರ ಕೈಲಿ ಮಾಡಿಸ್ತೀನಿ. ಆಮೇಲೆ ಮುಖ ಊದಿಸ್ಕೊಂಡು ಕೂರಬೇಡ."

ಅಣ್ಣ ಬಂದ. ಮೊದಮೊದಲು ಬಸ್ಸಿನೊಳಗೆ ಬೀಗರ ಮನೆಗೆ ಬಂದವನಂತೆ ಮುದುಡಿ ಕೂತ. ಆಮೇಲೆ ಸಿಳ್ಳೆ ಹಾಕತೊಡಗಿದ. ಮುನ್ನಾದಿನ ಸಂಜೆ ಫ್ಯಾನು ತಿರುಗಿದಾಗ ಚಪ್ಪಾಳೆ ತಟ್ಟಿ ನಕ್ಕೇಬಿಟ್ಟ. ಆ ನಗು ನೋಡಿ ಇವಳು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಿದ್ದಳು.

ಈಗ ಅವನು ಹಜಾರದಲ್ಲಿ ಚಹಾ ಮುಗಿಸಿ ಸಾಮಾನಿನ ಚೀಲ ಕಟ್ಟುತ್ತಿದ್ದ.

"ಟೆಸ್ಟರ್ ತಗೊಂಡು ಸ್ವಲ್ಪ ಬಾ."

"ಯಾಕೆ? ಏನಾಯ್ತು?"

"ಬಾ ಅಂದ್ನಲ್ಲ."

ಮುಚ್ಚಳದ ಕೆಳಗೆ ಮೂರು ಹಿತ್ತಾಳೆ ಪಿನ್ನುಗಳು ಹೊರಗೆ ಮುಖ ಮಾಡಿ ನಿಂತಿದ್ದವು. ಬಸ್ಸು ಎಲ್ಲಾದರೂ ತಂಗಿದಾಗ ಅಲ್ಲಿನ ಗೋಡೆಯಿಂದ ವೈರು ತಂದು ಇವಕ್ಕೆ ಸಿಕ್ಕಿಸಿದರೆ ಬಸ್ಸಿಗೆ ಕರೆಂಟು. ಸಿಕ್ಕಿಸದಿದ್ದಾಗ ಅವು ಬರೀ ಲೋಹ, ಹಾಗಿರಬೇಕು. ಅಣ್ಣ ಟೆಸ್ಟರ್ ಇಟ್ಟ. ಅದರ ಹೊಟ್ಟೆಯೊಳಗಿನ ದೀಪ ಕೆಂಪಗೆ ಹತ್ತಿಕೊಂಡಿತು. ತೆಗೆದು, ಅಂಗಿಗೆ ಒರೆಸಿ, ಮತ್ತೆ ಇಟ್ಟ. ಮತ್ತೆ ಕೆಂಪು.

"ಇನ್ವರ್ಟರ್ ಲೈನನ್ನ ಈ ಲೈನಿಗೇ ಸೇರಿಸ್ಬಿಟ್ಟಿದೀನಿ" ಎಂದ. ದನಿ ಅವನದಾಗಿರಲಿಲ್ಲ. "ಎರಡೂ ಒಳಗಿನ ಸ್ವಿಚ್ ಬೋರ್ಡಿಗೇ ಬರೋದಲ್ವಾ ಅಂತ. ಬೋರ್ಡಿಗೆ ಹೋದದ್ದು ಇಲ್ಲಿಗೂ ಬರುತ್ತೆ ಅನ್ನೋದು ಹೊಳೀಲೇ ಇಲ್ಲ. ಮನೇಲಾದ್ರೆ ಈ ತುದಿ ಗೋಡೆಯೊಳಗಿರುತ್ತೆ, ಯಾರ ಕೈಗೂ ಸಿಗಲ್ಲ..."

ಮಗಳ ಮಗು ಸಂಜೆ ಬರುವುದಿತ್ತು, ಅಜ್ಜನ ಬಸ್ಸಿನಲ್ಲಿ ಮೊದಲ ಸವಾರಿಗೆ. ಮುಚ್ಚಳವೆಂದರೆ ತೆರೆದು ನೋಡದೆ ಬಿಡುವ ಜಾತಿಯಲ್ಲ ಅದು. ಪಿನ್ನುಗಳಿದ್ದದ್ದು ಸರಿಯಾಗಿ ಅದರ ಮೂಗಿನ ಎತ್ತರಕ್ಕೆ. ಆ ಯೋಚನೆಯ ಬೆನ್ನಿಗೇ, ಕರೆಯದೆ, ಆ ಬಾಣಂತಿಯ ನೆನಪು ಬಂತು. ತನಿಖೆಯವರು ಎಲ್ಲ ಬಿಚ್ಚಿ ನೋಡಿದ್ದರೇ? ಎಲ್ಲವನ್ನೂ?

ಅಣ್ಣ ಅವಳ ಬೆರಳುಗಳನ್ನು ನೋಡಿದ. ಆಮೇಲೆ ಮುಖವನ್ನು ನೋಡಿದ.

"ನೀನೂ ಹಾಗೇ ಅಂದ್ಕೊಂಡ್ಯಾ?"

ಇಲ್ಲ ಎನ್ನಬೇಕಿತ್ತು. ಊರಿಗೆಲ್ಲ ಹೇಳಿ ಹೇಳಿ ಅವಳಿಗೆ ಬಾಯಿಪಾಠವಾಗಿದ್ದ ಮಾತು ಅದು. ನಾಲಿಗೆ ಏಳಲಿಲ್ಲ. ಅದು ಎದ್ದು "ಏನ್ ಮಾತಾಡ್ತೀಯಾ, ಬಿಡು" ಎನ್ನುವ ಹೊತ್ತಿಗೆ ತಡವಾಗಿತ್ತು, ಅವನು ತಲೆ ತಗ್ಗಿಸಿಯಾಗಿತ್ತು.

"ನಾನೇ ಹೋಗಿ ನಿನ್ ಗಂಡಂಗೆ ಹೇಳ್ತೀನಿ. ಬೇರೆ ಯಾರನ್ನಾದ್ರೂ ಕರೆಸ್ಲಿ."

"ಬಾಯ್ಮುಚ್ಕೊಂಡು ಮೊದಲು ಸರಿ ಮಾಡು."

ಗದರಿದ್ದು ಅಣ್ಣನ ಮೇಲಿನ ಪ್ರೀತಿಗೋ, ಗಂಡನೆದುರು ತನ್ನ ಮಾತು ಉಳಿಯಲೆಂದೋ, ಅವಳಿಗೇ ತಿಳಿಯಲಿಲ್ಲ. ಅವನು ಚೀಲದ ತಳದಿಂದ ಒಂದು ದಪ್ಪ ಸ್ವಿಚ್ಚು ತೆಗೆದ. ಹಿಡಿಯನ್ನು ಆ ಕಡೆ ತಳ್ಳಿದರೆ ಒಂದು ಲೈನು, ಈ ಕಡೆ ತಳ್ಳಿದರೆ ಇನ್ನೊಂದು, ಎರಡೂ ಒಟ್ಟಿಗೆ ಎಂದೂ ಕೂಡುವುದಿಲ್ಲ. ಜನರೇಟರ್ ಇದ್ದ ಮನೆಗಳಿಗೆಲ್ಲ ಅವನೇ ಹಾಕಿಕೊಟ್ಟದ್ದು. ಗೊತ್ತಿತ್ತು, ಚೀಲದಲ್ಲೂ ಇತ್ತು, ಆದರೂ ಹಾಕಿರಲಿಲ್ಲ. ಅವಳಿಗೆ ಹೆಚ್ಚು ಚುಚ್ಚಿದ್ದು ಅದೇ.

ಅವನು ಒಳಗೆ ಹೋಗಿ ಇನ್ವರ್ಟರ್ ಆರಿಸಿದ್ದೇ ತಡ, ಗಂಡ ಬಾಗಿಲಿಗೆ ಬಂದು ಇಣುಕಿದ. ಅವಳು ಎಡಗೈಯನ್ನು ಬೆನ್ನ ಹಿಂದೆ ಮಾಡಿಕೊಂಡಳು.

"ಏನದು, ಫ್ಯಾನು ನಿಂತೋಯ್ತು?"

"ಒಂದು ಸ್ವಿಚ್ಚು ಹಾಕೋದು ಬಾಕಿ ಇತ್ತಂತೆ."

"ನಿನ್ನೆ ಎಲ್ಲಾ ಮುಗೀತು ಅಂದ್ರಲ್ಲ?"

"ಮುಗ್ದದ್ದೇ. ಇದೊಂದು ಹೆಚ್ಚುವರಿ. ನಿಮಗೆ ಗಾಳಿ ಇಲ್ದೆ ಎರಡು ಗಳಿಗೆ ಇರಕ್ಕಾಗಲ್ವಾ?"

ಅವನು ಗೊಣಗುತ್ತ ಒಳಗೆ ಹೋದ. ಅಣ್ಣ ಮಂಚದಡಿ ಮಲಗಿ ವೈರುಗಳನ್ನು ಬಿಡಿಸಿದ, ಬೇರೆ ಬೇರೆ ಮಾಡಿದ, ಸ್ವಿಚ್ಚಿಗೆ ಕಟ್ಟಿದ. ಒಂದೊಂದು ಸ್ಕ್ರೂ ಬಿಗಿದ ಮೇಲೂ ವೈರನ್ನು ಜಗ್ಗಿ ನೋಡುತ್ತಿದ್ದ. ಸಿಳ್ಳೆ ಇರಲಿಲ್ಲ. ಅವಳು ಹೊರಗೆ ಮುಚ್ಚಳದ ಪಕ್ಕದಲ್ಲೇ ಕಾವಲು ನಿಂತಿದ್ದಳು, ಯಾರಿಂದ ಯಾರನ್ನು ಕಾಯುವುದೆಂದು ಗೊತ್ತಾಗದೆ.

"ಬಂತು ನೋಡಿ ಗಾಳಿ!" ಒಳಗಿನಿಂದ ಗಂಡ ಕೂಗಿದ. "ಭಾವ, ನಿಮ್ಮ ಕೈಗೆ ಬಂಗಾರದ ಕಡಗ ತೊಡಿಸ್ಬೇಕು ಕಣ್ರೀ!"

ಅಣ್ಣ ಇಳಿದು ಬಂದ. ಮುಚ್ಚಳ ಎತ್ತಿ ಟೆಸ್ಟರ್ ಇಟ್ಟ. ಹೊತ್ತಲಿಲ್ಲ. ಮೂರು ಪಿನ್ನಿಗೂ ಇಟ್ಟ, ಹೊತ್ತಲಿಲ್ಲ. ಅಲ್ಲಿಗೆ ಮುಗಿಯಬೇಕಿತ್ತು. ಅವನು ಟೆಸ್ಟರನ್ನು ಜೇಬಿಗೆ ಹಾಕಿಕೊಂಡು ಬಲಗೈಯ ಬೆರಳುಗಳನ್ನು ಪಿನ್ನುಗಳ ಮೇಲೆ ಊರಿದ. ಏನೂ ಆಗಲಿಲ್ಲ.

"ಸಾಕು, ತೆಗಿ" ಎಂದಳು.

ಅವನು ತೆಗೆಯಲಿಲ್ಲ. ಬೆರಳುಗಳನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಇನ್ನೊಂದು ಕೈ ಹಿಡಿಸುವಷ್ಟು ಜಾಗ ಬಿಟ್ಟು, ಅವಳನ್ನೇ ನೋಡುತ್ತ ನಿಂತ. ಚಿಕ್ಕಂದಿನಲ್ಲಿ ಕಾಲುವೆ ದಾಟಿ ಆಚೆ ನಿಂತು, ಬಾ, ಏನಾಗಲ್ಲ ಎಂದು ನೋಡುತ್ತಿದ್ದನಲ್ಲ, ಅದೇ ನೋಟ. ಆಗೆಲ್ಲ ಅವಳು ಕಣ್ಣುಮುಚ್ಚಿ ಹಾರಿದ್ದಳು. ಕರೆಂಟಿಲ್ಲವೆಂದು ಈಗ ಅವಳಿಗೆ ಗೊತ್ತಿತ್ತು, ಕಣ್ಣಾರೆ ನೋಡಿದ್ದಳು. ಒಂದು ಹೆಜ್ಜೆ ಮುಂದೆಯೂ ಇಟ್ಟಳು.

ಕೈ ಮಾತ್ರ ಬೆನ್ನ ಹಿಂದೆಯೇ ಇತ್ತು.